ಹವಾನಾದ ಹಳೆಯ ಕಾರುಗಳು

ಕ್ಯೂಬಾದ ರಾಜಧಾನಿ ಹವಾನಾದಲ್ಲಿ 1950ರ ದಶಕದ ಷೆವ್ರೊಲೆ, ಬ್ಯೂಯಿಕ್, ಪ್ಲಿಮತ್ ಕಾರುಗಳು ಬಾಡಿಗೆಗೆ ಓಡುತ್ತಿರುವುದನ್ನು ಕಂಡು ಬೆರಗಾಗದ ಪ್ರವಾಸಿಗಳು ವಿರಳ. ಹುಟ್ಟಿದ ನಾಡಾದ ಅಮೆರಿಕದಲ್ಲಿ ಇವು ಹವ್ಯಾಸಿಗಳ ಷೆಡ್ಡು ಸೇರಿವೆ. ಇಲ್ಲಿ ಸಂಸಾರಗಳನ್ನು ಸಾಕುತ್ತಿವೆ. ಬಿಡಿಭಾಗಗಳ ಪೂರೈಕೆಯೇ ನಿಂತುಹೋದ ನಾಡಿನಲ್ಲಿ ಇವು ಉಳಿದುಕೊಂಡದ್ದಾದರೂ ಹೇಗೆ?

ಫ್ಲಾರಿಡಾದ ತುದಿಯಿಂದ ಕ್ಯೂಬಾ ಸುಮಾರು 90 ಮೈಲಿ ದೂರ. ಡೆಟ್ರಾಯಿಟ್ಟಿನ ಕಾರುಗಳಿಗೆ ಅದು ಪಕ್ಕದ ಮನೆಯಂತಹ ಮಾರುಕಟ್ಟೆಯಾಗಿತ್ತು. 1959ರ ಜನವರಿಯಲ್ಲಿ ಬಟಿಸ್ಟಾನ ಆಡಳಿತ ಉರುಳಿ ಫಿಡೆಲ್ ಕ್ಯಾಸ್ಟ್ರೊ ಅಧಿಕಾರಕ್ಕೆ ಬಂದ ಮೇಲೆ ಅಮೆರಿಕನ್ನರ ಒಡೆತನದ ಉದ್ಯಮಗಳು ರಾಷ್ಟ್ರೀಕರಣಗೊಂಡವು. 1960ರ ಅಕ್ಟೋಬರಿನಲ್ಲಿ ಅಮೆರಿಕ ತನ್ನ ಬಹುಪಾಲು ರಫ್ತನ್ನು ನಿಲ್ಲಿಸಿತು. 1962ರ ಫೆಬ್ರುವರಿಯಲ್ಲಿ ಕೆನಡಿಯವರ ಆಜ್ಞೆಯೊಂದಿಗೆ ದಿಗ್ಬಂಧನ ಬಿಗಿಯಾಯಿತು. ಕಾರುಗಳಷ್ಟೇ ಅಲ್ಲ, ಅವುಗಳ ಪಿಸ್ಟನ್ನು, ಬ್ರೇಕುಗಳೂ ಬಾರದಾದವು.

ಕಾರಣ ಇದೊಂದೇ ಅಲ್ಲ. ಮುಂದೆ ಸೋವಿಯತ್ ಒಕ್ಕೂಟದಿಂದ ಬಂದ ಮಾಸ್ಕ್ವಿಚ್, ಲಾಡಾ ಕಾರುಗಳನ್ನು ಸರಕಾರವೇ ಆಯ್ದವರಿಗೆ ಹಂಚುತ್ತಿತ್ತು. 2011ರವರೆಗೆ ಜನಸಾಮಾನ್ಯರು ತಮ್ಮತಮ್ಮಲ್ಲಿ ಮುಕ್ತವಾಗಿ ಕೊಂಡು ಮಾರಬಹುದಾಗಿದ್ದದ್ದು ಕ್ರಾಂತಿಗಿಂತ ಹಿಂದಿನ ಕಾರುಗಳನ್ನು ಮಾತ್ರ. ಹೀಗಾಗಿ ಅಜ್ಜನ ಕಾರು ಮನೆತನದ ಆಸ್ತಿಯಾಯಿತು.

ಅದನ್ನು ಉಳಿಸಿದವರು ಮೆಕ್ಯಾನಿಕರು. ಸವೆದ ಬುಶ್‌ನ ಅಳತೆ ತೆಗೆದು ಲೇತಿನಲ್ಲಿ ಹೊಸದನ್ನು ಕಡೆದರು. ತುಕ್ಕು ತಿಂದ ಬಾಗಿಲಿಗೆ ತಗಡು ಬಡಿದು ಬೆಸುಗೆ ಹಾಕಿದರು. ಬ್ರೇಕ್ ಡ್ರಮ್ಮಿನಲ್ಲಿ ಗೀರು ಬಿದ್ದರೆ ಅದನ್ನೂ ಲೇತಿಗೆ ಕೊಟ್ಟು ನಯಗೊಳಿಸಬಹುದು. ಆದರೆ ಪ್ರತಿಸಲವೂ ಡ್ರಮ್ಮು ತೆಳುವಾಗುವುದರಿಂದ ಆ ಉಪಾಯಕ್ಕೊಂದು ಮಿತಿಯುಂಟು. ಆಗ ಸೋವಿಯತ್ ಕಾರಿನ ಬ್ರೇಕನ್ನೇ ಹೊಂದಿಸಬೇಕಾಗುತ್ತಿತ್ತು. ಪೆಟ್ರೋಲು ಕುಡಿಯುವ ಎಂಟು ಸಿಲಿಂಡರಿನ ಎಂಜಿನ್ನುಗಳ ಜಾಗಕ್ಕೆ ಎಷ್ಟೋ ಕಾರುಗಳಲ್ಲಿ ಡೀಸೆಲ್ ಎಂಜಿನ್ನು ಬಂತು. ಎಂಜಿನ್ನು ಬದಲಾದರೆ ಅದು ಕೂರುವ ಆಧಾರ, ಗೇರ್‌ಪೆಟ್ಟಿಗೆಯ ಜೋಡಣೆ ಎಲ್ಲವನ್ನೂ ಹೊಸದಾಗಿ ಮಾಡಬೇಕು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಅತ್ತಣ ಆಸರೆಯೂ ತಪ್ಪಿ ಇಂಧನಕ್ಕೇ ಬರ ಬಂತು.

ಅಮೆರಿಕದ ಸಂಗ್ರಾಹಕರು ಮೊದಲು ನೋಡುವುದು ಕಾರ್ಖಾನೆಯಿಂದ ಹೊರಟಾಗ ಇದ್ದ ಎಂಜಿನ್ನೇ ಈಗಲೂ ಇದೆಯೇ ಎಂಬುದನ್ನು. ಸಂಖ್ಯೆಗಳು ತಾಳೆಯಾದರೆ ಬೆಲೆ ಏರುತ್ತದೆ. ಆ ಅಳತೆಗೋಲಿನಲ್ಲಿ ಹವಾನಾದ ಬಹಳಷ್ಟು ಕಾರುಗಳು ಕಲಬೆರಕೆ. 2014ರ ಡಿಸೆಂಬರಿನಲ್ಲಿ ಒಬಾಮಾ ಅವರು ಕ್ಯೂಬಾದೊಂದಿಗೆ ಸಂಬಂಧ ಸುಧಾರಣೆಯನ್ನು ಸಾರಿದಾಗ ಈ ಕಾರುಗಳನ್ನು ಸಂಗ್ರಾಹಕರು ಕೊಂಡೊಯ್ದಾರು ಎಂಬ ಮಾತು ಎದ್ದಿತ್ತು. ಆದರೆ ಹೊರಮೈ ಮಾತ್ರ ಮೂಲದ್ದಾದ ಕಾರಿಗೆ ಅಲ್ಲಿ ಅಂತಹ ಬೆಲೆಯೇನೂ ಇಲ್ಲ.

ಹೊಗೆ ಕಾರುವ, ಸೀಟ್ ಬೆಲ್ಟಿಲ್ಲದ ಈ ಬಂಡಿಗಳನ್ನು ಹಾಡಿ ಹೊಗಳಬೇಕಿಲ್ಲ. ಹೊಸ ಬ್ರೇಕು ಸಿಕ್ಕಿದ್ದರೆ ಅವುಗಳ ಒಡೆಯರು ಬೇಡವೆನ್ನುತ್ತಿರಲಿಲ್ಲ. ಆದರೂ ಒಂದು ಮಾತು ನಿಜ. ಅಮೆರಿಕದ ಸಂಗ್ರಾಹಕ ಕಾಪಾಡಿದ್ದು 1955ರ ಒಂದು ದಿನವನ್ನು. ಹವಾನಾದ ಮೆಕ್ಯಾನಿಕ್ ಕಾಪಾಡಿದ್ದು ಅದರ ನಂತರದ ವರ್ಷಗಳನ್ನೆಲ್ಲ. ಅಲ್ಲಿಯ ಇತಿಹಾಸ ಓದಬೇಕೆನ್ನುವವರು ಕಾರಿನ ಬಣ್ಣವನ್ನಲ್ಲ, ಬಾನೆಟ್ಟನ್ನು ಎತ್ತಿ ನೋಡಬೇಕು.