ನಕರವೂ ನಗರೇಶ್ವರನೂ

ಚನ್ನಗಿರಿ, ಹೊನ್ನಾಳಿ ಸೀಮೆಗಳ ಶಾಸನಗಳೂ (ನ್ಯಾಮತಿಯು ಆಗ ಹೊನ್ನಾಳಿಗೆ ಸೇರಿದ್ದಿತು), ಅವಕ್ಕೆ ಪಶ್ಚಿಮದಲ್ಲಿರುವ ಬಳ್ಳಿಗಾವೆಯ ಶಾಸನಗಳೂ ರೈಸರು ೧೯೦೨ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ಣಾಟಿಕದ ೭ನೆಯ ಸಂಪುಟದಲ್ಲಿ ಒಟ್ಟಿಗೆ ಸೇರಿವೆ. ಜಗಳೂರಿನವು ೧೧ನೆಯ ಸಂಪುಟದಲ್ಲಿವೆ. ಬಳ್ಳಿಗಾವೆಯ ಶಾಸನಗಳನ್ನು ಓದುವವರಿಗೆ 'ನಕರ' ಅಥವಾ 'ನಖರ' ಎಂಬ ಶಬ್ದವು ಎದುರಾಗುತ್ತದೆ. ಇದು ಸಂಸ್ಕೃತದ 'ನಗರ' ಶಬ್ದದಿಂದ ಬಂದುದಾದರೂ, ಎಲ್ಲೆಡೆಯಲ್ಲಿಯೂ ಪಟ್ಟಣವೆಂದೇ ಅರ್ಥಮಾಡಿದರೆ ಶಾಸನದ ತಾತ್ಪರ್ಯವು ಕೆಡುತ್ತದೆ. ನಾಡಿನ ಪ್ರಮುಖರೊಡನೆಯೂ ಮುಮ್ಮುರಿದಂಡದೊಡನೆಯೂ ಕುಳಿತು ಧರ್ಮಕಾರ್ಯವನ್ನು ನಿಶ್ಚಯಿಸುವ ನಕರವು ವರ್ತಕರ ಸಭೆಯೇ ಹೊರತು ಮನೆ ಬೀದಿಗಳ ಸಮೂಹವಲ್ಲ.

ಬನವಾಸಿ ೧೨೦೦೦ದ ರಾಜಧಾನಿಯಾಗಿದ್ದ ಬಳ್ಳಿಗಾವೆಯಲ್ಲಿ ಅಯ್ಯಾವೊಳೆಯ ಐನೂರ್ವರ ವ್ಯಾಪಾರವು ೧೧ನೆಯ ಶತಮಾನದಲ್ಲಿ ಪ್ರಬಲವಾಗಿದ್ದಿತು. ಅರಸನ ಹೆಸರು ದೇವರಿಗೆ ಬಂದುದಕ್ಕೆ ದೋರಸಮುದ್ರದ ಹೊಯ್ಸಳೇಶ್ವರನೇ ನಿದರ್ಶನ. ಹಾಗೆಯೇ ವರ್ತಕಸಭೆಯ ಒಡೆಯನಾದ ದೇವನು ನಗರೇಶ್ವರನು. ಬಂಕಾಪುರದಲ್ಲಿಯೂ ಲಕ್ಕುಂಡಿಯಲ್ಲಿಯೂ ಈ ಹೆಸರಿನ ಗುಡಿಗಳಿವೆ. ಇಲ್ಲಿ ಒಬ್ಬ ಶೆಟ್ಟಿಯ ಹೆಸರು ನಿಲ್ಲದೆ ಸಮೂಹದ ಹೆಸರು ನಿಂತಿತೆಂಬುದೇ ವಿಶೇಷವು.

ಜೈನರಲ್ಲಿಯೂ ಈ ಪದ್ಧತಿಯುಂಟು. ಶ್ರವಣಬೆಳಗೊಳದಲ್ಲಿ ಇಮ್ಮಡಿ ಬಲ್ಲಾಳನ ಮಂತ್ರಿಯಾದ ನಾಗದೇವನು ೧೧೯೫ರಲ್ಲಿ ಕಟ್ಟಿಸಿದ ಬಸದಿಯು ಅವನ ಹೆಸರನ್ನು ಹೊರದೆ ನಗರಜಿನಾಲಯವೆನಿಸಿತು. ಅಲ್ಲಿಯ ವರ್ತಕರು ಅದರ ಪಾಲಕರಾಗಿದ್ದರು. ಅರಸರು ದೇವರಿಗೆ ಭೂಮಿಯನ್ನು ಬಿಟ್ಟರೆ, ವರ್ತಕರು ತಮ್ಮ ಸರಕಿನ ಮೇಲೆಯೇ ಆಯವನ್ನು ಬಿಡುತ್ತಿದ್ದರು. ಎಲೆಯ ಹೇರಿನಿಂದ ಇಷ್ಟು, ಗಾಣದಿಂದ ಸೊಲ್ಲಗೆ ಎಣ್ಣೆ ಎಂಬ ಕಟ್ಟಳೆಯಿಂದ ನಂದಾದೀಪವು ಉರಿಯಿತು. ಸಂತೆಯು ನಡೆದಷ್ಟು ಕಾಲ ಪೂಜೆಯೂ ನಡೆಯುವಂತಹ ಏರ್ಪಾಡಿದು.

ಸಮುದ್ರದಾಚೆಯಲ್ಲಿಯೂ ಇದೇ ರೀತಿ. ಬರ್ಮಾದೇಶದ ಪಗಾನಿನಲ್ಲಿರುವ ೧೩ನೆಯ ಶತಮಾನದ ತಮಿಳು ಶಾಸನವು 'ನಾನಾದೇಶಿ ವಿಣ್ಣಗರ್' ಎಂಬ ವಿಷ್ಣುಗೃಹಕ್ಕೆ ಮಲೆಯಾಳದ ಕಡೆಯವನೊಬ್ಬನು ಮಂಟಪವನ್ನೂ ಬಾಗಿಲನ್ನೂ ದೀಪವನ್ನೂ ಕೊಟ್ಟುದನ್ನು ತಿಳಿಸುತ್ತದೆ. ನಾನಾದೇಶಿಗಳೆಂಬುದು ಕನ್ನಡ ಶಾಸನಗಳಲ್ಲಿಯೂ ವರ್ತಕಸಂಘಕ್ಕೆ ಸಲ್ಲುವ ಹೆಸರು.

ಆಂಧ್ರದ ಪೆನುಗೊಂಡೆಯಲ್ಲಿ ಆರ್ಯವೈಶ್ಯರ ಕುಲದೇವತೆಯಾದ ವಾಸವಿಯೊಡನೆ ಇಂದಿಗೂ ನಗರೇಶ್ವರನು ಪೂಜೆಗೊಳ್ಳುತ್ತಾನೆ. ಈ ನಾಮಸಾಮ್ಯವೊಂದರಿಂದಲೇ ಈಗಿನ ವೈಶ್ಯರು ಹಿಂದಿನ ನಕರದ ವಂಶಜರೆಂದು ಹೇಳಲಾಗದು. ಆದರೆ 'ನಗರ'ವನ್ನು ಪಟ್ಟಣವೆಂದಷ್ಟೇ ವಿದ್ಯಾರ್ಥಿಗಳಿಗೆ ಬೋಧಿಸಿದಲ್ಲಿ, ತಮ್ಮ ಹೆಸರನ್ನು ಬರೆಸದೆ ಗುಡಿಯನ್ನು ಬೆಳೆಸಿದವರು ಎರಡನೆಯ ಸಲ ಮರೆಯಾಗುವರು. ಆ ಒಂದು ಶಬ್ದವೇ ಅವರ ಅಂಕಿತವೆಂದು ತಿಳಿಯತಕ್ಕದ್ದು.