ಡಾಕ್ಟರ್ ಸಿಗದ ಊರಿನಲ್ಲಿ ಕಿವಿ ನೋವು ಬಂದರೆ ಏನು ಮಾಡಬೇಕು, ಏನು ಮಾಡಬಾರದು?

ಸ್ಪಿತಿ ಕಣಿವೆಯ ಹಳ್ಳಿ ಇರಲಿ, ಲಕ್ಷದ್ವೀಪದ ಪುಟ್ಟ ದ್ವೀಪ ಇರಲಿ, ಸಹ್ಯಾದ್ರಿಯ ಚಾರಣದ ಕ್ಯಾಂಪ್ ಇರಲಿ, ಪ್ರವಾಸದ ನಡುವೆ ಕಿವಿ ನೋವು ಶುರುವಾದರೆ ಮನೆಯವರೆಲ್ಲರ ನಿದ್ದೆ ಕೆಡುತ್ತದೆ. ಮಲಗಿದಾಗ ನೋವು ಇನ್ನೂ ಹೆಚ್ಚುವುದರಿಂದ ರಾತ್ರಿ ಕಳೆಯುವುದೇ ಕಷ್ಟ. ಹತ್ತಿರದಲ್ಲಿ ಇಎನ್‌ಟಿ ವೈದ್ಯರಿಲ್ಲ, ಮೆಡಿಕಲ್ ಶಾಪ್ ಕೂಡ ಇಲ್ಲ. ಆಗ ಯಾರೋ ಎಣ್ಣೆ ಬಿಸಿ ಮಾಡುತ್ತಾರೆ, ಇನ್ನಾರೋ ಬ್ಯಾಗಿನಲ್ಲಿದ್ದ ಹಳೆಯ ಡ್ರಾಪ್ಸ್ ತೆಗೆಯುತ್ತಾರೆ. ಎಡವಟ್ಟಾಗುವುದು ಇಲ್ಲಿಯೇ.

ಹೆಚ್ಚಿನ ಕಿವಿ ಸೋಂಕುಗಳು ಜೀವಕ್ಕೆ ಅಪಾಯ ತರುವಂಥವಲ್ಲ. ನೋವು ತಡೆಯುವ ಮಾತ್ರೆ ಮತ್ತು ಸ್ವಲ್ಪ ತಾಳ್ಮೆಯಿಂದ ಎರಡು ಮೂರು ದಿನ ನಿಭಾಯಿಸಬಹುದು. ಆದರೆ ಕಿವಿಗೆ ಏನನ್ನಾದರೂ ಹಾಕುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕಂಡುಕೊಳ್ಳಬೇಕು: ಸೋಂಕು ಇರುವುದು ಕಿವಿಯ ತಮಟೆಯ ಹೊರಗೋ, ಒಳಗೋ?

ಹೊರಗೋ, ಒಳಗೋ? ತಿಳಿಯುವುದು ಹೇಗೆ

ಕಿವಿಯ ತೂತಿನಿಂದ ತಮಟೆಯವರೆಗಿನ ನಾಳ ದೊಡ್ಡವರಲ್ಲಿ ಸುಮಾರು 2.5 ಸೆಂ.ಮೀ. ಉದ್ದವಿರುತ್ತದೆ. ಈ ನಾಳದ ಚರ್ಮಕ್ಕೆ ತಗಲುವುದು ಹೊರಕಿವಿ ಸೋಂಕು. ತಮಟೆಯ ಹಿಂದಿನ ಗಾಳಿ ತುಂಬಿದ ಜಾಗಕ್ಕೆ ತಗಲುವುದು ಮಧ್ಯಕಿವಿ ಸೋಂಕು.

ಯಾವ ಉಪಕರಣವೂ ಇಲ್ಲದೆ ಮಾಡಬಹುದಾದ ಒಂದು ಪರೀಕ್ಷೆ ಇದೆ. ಕಿವಿಯ ತೂತಿನ ಮುಂದೆ, ಕೆನ್ನೆಯ ಕಡೆಗಿರುವ ಪುಟ್ಟ ಗಟ್ಟಿ ಭಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ನಂತರ ಕಿವಿಯ ಹಾಲೆಯನ್ನು ನಿಧಾನವಾಗಿ ಹಿಂದಕ್ಕೆ, ಮೇಲಕ್ಕೆ ಎಳೆಯಿರಿ. ಇಷ್ಟಕ್ಕೇ ನೋವು ಚುಚ್ಚಿದಂತಾದರೆ ಅದು ಬಹುತೇಕ ಹೊರಕಿವಿ ಸೋಂಕು. ಹಿಂದಿನ ದಿನಗಳಲ್ಲಿ ಕಡಲಿನಲ್ಲೋ ಹೊಳೆಯಲ್ಲೋ ಈಜಿದ್ದರೆ, ಬಡ್ಸ್ ಹಾಕಿ ಕಿವಿ ಕೆರೆದಿದ್ದರೆ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.

ಒತ್ತಿದರೂ ಎಳೆದರೂ ನೋವು ಹೆಚ್ಚದೆ, ಕಿವಿಯ ಆಳದಲ್ಲಿ ಸಿಡಿಯುತ್ತಿದ್ದರೆ, ಕಿವಿ ಗುಂಯ್ ಎಂದು ಕಟ್ಟಿಕೊಂಡಿದ್ದರೆ, ಜೊತೆಗೆ ನೆಗಡಿ, ಜ್ವರ ಇದ್ದರೆ ಅದು ಮಧ್ಯಕಿವಿ ಸೋಂಕಿರಬಹುದು. ಮಕ್ಕಳಲ್ಲಿ ಇದೇ ಹೆಚ್ಚು. ಮಾತು ಬಾರದ ಮಗು ಕಿವಿ ಹಿಡಿದು ಎಳೆಯುತ್ತಾ ಅಳುವುದು, ಹಾಲು ಬಿಡುವುದು, ಮಲಗಿಸಿದರೆ ಕಿರಿಚುವುದು ಇದರ ಸೂಚನೆಯಾಗಿರಬಹುದು.

ನೋವಿಗಿಂತ ತುರಿಕೆಯೇ ಹೆಚ್ಚಾಗಿದ್ದು, ಬಿಳಿ ಅಥವಾ ಕಪ್ಪು ಕಣಗಳು ಕಂಡರೆ ಶಿಲೀಂಧ್ರ ಸೋಂಕು, ಅಂದರೆ ಫಂಗಸ್ ಇರಬಹುದು. ತೇವ ಹೆಚ್ಚಿರುವ ಕರಾವಳಿ ಪ್ರದೇಶಗಳಲ್ಲಿ ಇದು ಸಾಮಾನ್ಯ. ಇದಕ್ಕೆ ಆ್ಯಂಟಿಬಯೋಟಿಕ್ ಡ್ರಾಪ್ಸ್ ಹಾಕಿದರೆ ಫಂಗಸ್ ಇನ್ನೂ ಬೆಳೆಯಬಹುದು.

ಹೊರಕಿವಿ ಸೋಂಕಾದರೆ

ಇದಕ್ಕೆ ಬೇಕಾದದ್ದು ಕಿವಿಗೆ ಹಾಕುವ ಡ್ರಾಪ್ಸ್. ಬಾಯಿಯಿಂದ ತೆಗೆದುಕೊಳ್ಳುವ ಆ್ಯಂಟಿಬಯೋಟಿಕ್ ಮಾತ್ರೆ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಸಿಪ್ರೊಫ್ಲಾಕ್ಸಾಸಿನ್ ಅಥವಾ ಆಫ್ಲಾಕ್ಸಾಸಿನ್ ಇರುವ ಡ್ರಾಪ್ಸ್ ಅನ್ನು ವೈದ್ಯರು ಸುಮಾರು 7 ದಿನಗಳಿಗೆ ಬರೆದುಕೊಡುವುದು ರೂಢಿ. ಹಾಕುವ ಕ್ರಮವೂ ಮುಖ್ಯ:

* ಬಾಟಲಿಯನ್ನು ಕೆಲವು ನಿಮಿಷ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ. ತಣ್ಣನೆಯ ಹನಿ ಒಳಗೆ ಬಿದ್ದರೆ ತಲೆ ಸುತ್ತುತ್ತದೆ.
* ನೋವಿರುವ ಕಿವಿ ಮೇಲೆ ಬರುವಂತೆ ಮಗ್ಗುಲಾಗಿ ಮಲಗಿ, ಹೇಳಿದಷ್ಟೇ ಹನಿ ಹಾಕಿ.
* ತೂತಿನ ಮುಂದಿನ ಗಟ್ಟಿ ಭಾಗವನ್ನು ನಾಲ್ಕೈದು ಸಲ ಮೆಲ್ಲಗೆ ಒತ್ತಿದರೆ ಔಷಧ ಒಳಗಿಳಿಯುತ್ತದೆ. 3ರಿಂದ 5 ನಿಮಿಷ ಹಾಗೆಯೇ ಮಲಗಿರಿ.
* ಸ್ನಾನ ಮಾಡುವಾಗ ವ್ಯಾಸಲೀನ್ ಸವರಿದ ಹತ್ತಿಯನ್ನು ಕಿವಿಯ ಬಾಯಿಗೆ ಇಟ್ಟುಕೊಳ್ಳಿ. ಗುಣವಾಗುವವರೆಗೆ ಈಜು ಬೇಡ, ಇಯರ್‌ಫೋನ್ ಬೇಡ.

ಮಧ್ಯಕಿವಿ ಸೋಂಕಾದರೆ

ತಮಟೆ ಸರಿಯಾಗಿದ್ದಾಗ ಹೊರಗಿನಿಂದ ಹಾಕಿದ ಆ್ಯಂಟಿಬಯೋಟಿಕ್ ಡ್ರಾಪ್ಸ್ ಒಳಗಿನ ಸೋಂಕನ್ನು ತಲುಪುವುದೇ ಇಲ್ಲ. ಇಲ್ಲಿ ಮೊದಲ ಚಿಕಿತ್ಸೆ ನೋವು ಕಡಿಮೆ ಮಾಡುವುದು. ದೊಡ್ಡವರು ಪ್ಯಾರಾಸಿಟಮಾಲ್ 500 ಮಿ.ಗ್ರಾಂ. ಮಾತ್ರೆ ಒಂದು ಅಥವಾ ಎರಡನ್ನು 4ರಿಂದ 6 ಗಂಟೆಗಳ ಅಂತರದಲ್ಲಿ ತೆಗೆದುಕೊಳ್ಳಬಹುದು. ದಿನಕ್ಕೆ ಒಟ್ಟು 4 ಗ್ರಾಂ, ಅಂದರೆ 8 ಮಾತ್ರೆ ಮೀರಬಾರದು. ಲಿವರ್ ತೊಂದರೆ ಇರುವವರು, ತೂಕ ತೀರಾ ಕಡಿಮೆ ಇರುವವರು ವೈದ್ಯರನ್ನು ಕೇಳಿ ಇನ್ನೂ ಕಡಿಮೆ ತೆಗೆದುಕೊಳ್ಳಬೇಕು. ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಇರುವುದು ಸಾಮಾನ್ಯ. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮಕ್ಕಳಿಗೆ ತೂಕ ನೋಡಿ ಕೊಡಬೇಕು. ಒಂದು ಸಲಕ್ಕೆ ಪ್ರತಿ ಕಿಲೋಗೆ 15 ಮಿ.ಗ್ರಾಂ.ವರೆಗೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಒಂದೇ ಹೆಸರಿನ ಸಿರಪ್ 5 ಮಿ.ಲೀ.ಗೆ 125 ಮಿ.ಗ್ರಾಂ. ಮತ್ತು 250 ಮಿ.ಗ್ರಾಂ. ಎರಡೂ ಪ್ರಮಾಣದಲ್ಲಿ ಸಿಗುತ್ತದೆ. ಹಾಗಾಗಿ ಬಾಟಲಿಯ ಮೇಲಿನ ಅಂಕಿ ಓದದೆ ಅಂದಾಜಿನಲ್ಲಿ ಚಮಚ ತುಂಬಿಸಬೇಡಿ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು.

ಹೆಚ್ಚಿನವರಿಗೆ ಆ್ಯಂಟಿಬಯೋಟಿಕ್ ಇಲ್ಲದೆಯೇ ಸುಮಾರು 3 ದಿನಗಳಲ್ಲಿ ನೋವು ಇಳಿಯುತ್ತದೆ. ಕೆಲವರಿಗೆ ಒಂದು ವಾರ ಹಿಡಿಯಬಹುದು. ಎರಡು ಮೂರು ದಿನವಾದರೂ ಕಡಿಮೆಯಾಗದಿದ್ದರೆ, ಅಥವಾ ನಡುವೆಯೇ ಹೆಚ್ಚುತ್ತಾ ಹೋದರೆ ವೈದ್ಯರು ಅಮಾಕ್ಸಿಸಿಲಿನ್‌ನಂಥ ಔಷಧ ಬರೆದುಕೊಡುತ್ತಾರೆ. ಪೆನಿಸಿಲಿನ್ ಅಲರ್ಜಿ ಇರುವವರು ಅದನ್ನು ಮೊದಲೇ ಹೇಳಬೇಕು.

ಕಿವಿ ಸೋರಿದರೆ

ಜೋರಾಗಿದ್ದ ನೋವು ಒಮ್ಮೆಲೇ ಇಳಿದು ಕೀವು ಅಥವಾ ರಕ್ತ ಬೆರೆತ ನೀರು ಹೊರಬಂದರೆ ತಮಟೆ ತೂತಾಗಿದೆ ಎಂದು ತಿಳಿಯಬೇಕು. ಗಾಬರಿ ಬೇಡ, ಸಣ್ಣ ತೂತು ಹೆಚ್ಚಾಗಿ ಕೆಲವೇ ವಾರಗಳಲ್ಲಿ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಆದರೆ ಅಲ್ಲಿಯವರೆಗೆ ಹೊರಗಿನಿಂದ ಹಾಕಿದ್ದೆಲ್ಲ ಒಳಗೆ ಹೋಗುತ್ತದೆ. ಜೆಂಟಾಮೈಸಿನ್, ನಿಯೋಮೈಸಿನ್ ಇರುವ ಡ್ರಾಪ್ಸ್ ಒಳಕಿವಿಯವರೆಗೆ ತಲುಪಿದರೆ ಕೇಳುವ ಶಕ್ತಿಗೇ ಕುತ್ತು ಬರಬಹುದು. ನೋವು ಹೋಯಿತೆಂದು ಸುಮ್ಮನಾಗದೆ, ಕಿವಿ ಒಣಗಿಸಿಟ್ಟುಕೊಂಡು ಸಾಧ್ಯವಾದಷ್ಟು ಬೇಗ ವೈದ್ಯರಿಗೆ ತೋರಿಸಬೇಕು.

ಎಣ್ಣೆ, ಬೆಳ್ಳುಳ್ಳಿ, ಬೆಂಕಿಕಡ್ಡಿ ಬೇಡ

ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ನಮ್ಮ ಮನೆಗಳಲ್ಲಿ ಹಳೆಯ ಮದ್ದು. ಆದರೆ ತಮಟೆ ಸರಿಯಾಗಿದೆಯೋ ತೂತಾಗಿದೆಯೋ ಎಂಬುದು ಮನೆಯವರಿಗೆ ಕಾಣುವುದಿಲ್ಲ. ಎಣ್ಣೆ ಬಿಸಿ ಹೆಚ್ಚಾದರೆ ಸುಡುತ್ತದೆ, ತೂತಿದ್ದರೆ ಒಳಗಿಳಿಯುತ್ತದೆ. ಬೆಂಕಿಕಡ್ಡಿ, ಹೇರ್‌ಪಿನ್, ಬಡ್ಸ್ ಹಾಕಿ ಕೆರೆದರೆ ಊದಿದ ಚರ್ಮ ಗಾಯವಾಗುತ್ತದೆ. ಗುಗ್ಗೆ ಕರಗಿಸುವ ಡ್ರಾಪ್ಸ್ ಸೋಂಕಿಗೆ ಔಷಧವಲ್ಲ. ಶಾಖ ಕೊಡಬೇಕೆನಿಸಿದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹೊರಗಿನಿಂದ ಒತ್ತಿ ಹಿಡಿಯಬಹುದು.

ಇದಕ್ಕೆ ಒಂದೇ ಒಂದು ವಿನಾಯಿತಿ: ಜೀವಂತ ಹುಳ ಕಿವಿಯೊಳಗೆ ಹೊಕ್ಕಾಗ. ಕಿವಿ ಹಿಂದೆಂದೂ ಸೋರಿಲ್ಲದಿದ್ದರೆ ಬಿಸಿ ಮಾಡದ ಕೊಬ್ಬರಿ ಎಣ್ಣೆ ಕೆಲವು ಹನಿ ಬಿಟ್ಟರೆ ಹುಳ ಸಾಯುತ್ತದೆ. ಎಣ್ಣೆ ಗಟ್ಟಿಯಾಗಿದ್ದರೆ ಬಾಟಲಿಯನ್ನು ಕೈಯಲ್ಲೇ ಹಿಡಿದು ಕರಗಿಸಿಕೊಳ್ಳಿ. ಸತ್ತ ಹುಳ ತೆಗೆಯುವ ಕೆಲಸ ವೈದ್ಯರದು.

ಈ ಲಕ್ಷಣ ಕಂಡರೆ ಪ್ರವಾಸ ನಿಲ್ಲಿಸಿ

* ಕಿವಿಯ ಹಿಂದಿನ ಮೂಳೆಯ ಮೇಲೆ ಊತ, ಕೆಂಪು, ಅಥವಾ ಕಿವಿ ಮುಂದಕ್ಕೆ ಬಾಗಿದಂತೆ ಕಾಣುವುದು
* ಮುಖದ ಒಂದು ಬದಿ ಸೊಟ್ಟಗಾಗುವುದು, ಕಣ್ಣು ಮುಚ್ಚಲಾಗದಿರುವುದು
* ತಡೆಯಲಾಗದ ತಲೆನೋವು, ಕತ್ತು ಬಿಗಿಯುವುದು, ಮಂಪರು
* ನಿಲ್ಲಲಾಗದಷ್ಟು ತಲೆಸುತ್ತು, ಇದ್ದಕ್ಕಿದ್ದಂತೆ ಕಿವಿ ಕೇಳದಿರುವುದು
* ಪ್ಯಾರಾಸಿಟಮಾಲ್‌ಗೂ ಬಗ್ಗದ ಜ್ವರ
* 6 ತಿಂಗಳೊಳಗಿನ ಮಗುವಿಗೆ ಕಿವಿ ಸೋಂಕಿನ ಅನುಮಾನ

ಮಧುಮೇಹ ಇರುವವರು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಇನ್ನಷ್ಟು ಎಚ್ಚರವಾಗಿರಬೇಕು. ಅವರಲ್ಲಿ ಹೊರಕಿವಿ ಸೋಂಕು ತಲೆಬುರುಡೆಯ ಮೂಳೆಗೂ ಹರಡಬಹುದು. ರಾತ್ರಿ ನಿದ್ದೆ ಕೆಡಿಸುವ ಆಳವಾದ ನೋವು ಅದರ ಮುಖ್ಯ ಸುಳಿವು. ಇಂಥವರು ಎರಡು ಮೂರು ದಿನ ಕಾಯುವ ಲೆಕ್ಕ ಹಾಕಬಾರದು.

ದಾರಿಯ ದೂರವೂ ಲೆಕ್ಕಕ್ಕಿರಲಿ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹಡಗಿನ ಪ್ರಯಾಣವೇ 14ರಿಂದ 18 ಗಂಟೆ. ಹಿಮಾಲಯದಲ್ಲಿ ಭೂಕುಸಿತವಾದರೆ ರಸ್ತೆ ದಿನಗಟ್ಟಲೆ ಮುಚ್ಚಿರುತ್ತದೆ. ಮುಂದಿನ ಊರಿನಿಂದ ಆಸ್ಪತ್ರೆ ಇನ್ನೂ ದೂರವಾಗುವುದಾದರೆ, ನೋವು ಸಹಿಸುವಂತಿದ್ದರೂ ಮುಂದೆ ಹೋಗದೆ ಹಿಂದಿರುಗುವುದೇ ಜಾಣತನ.

ಫೋನಿನಲ್ಲಿ ಸಿಗುವ ವೈದ್ಯರು

ನೆಟ್‌ವರ್ಕ್ ಇದ್ದರೆ ಕೇಂದ್ರ ಸರ್ಕಾರದ ಇ-ಸಂಜೀವನಿ ಸೇವೆಯ ಮೂಲಕ ಉಚಿತವಾಗಿ ವೈದ್ಯರೊಂದಿಗೆ ಮಾತನಾಡಬಹುದು. ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರದ ಸಿಬ್ಬಂದಿಯೂ ಇದೇ ಸೇವೆಯಲ್ಲಿ ವೈದ್ಯರನ್ನು ಸಂಪರ್ಕಿಸಿಕೊಡುತ್ತಾರೆ. ನೋವು ಶುರುವಾದ ಹೊತ್ತು, ಜ್ವರ ಎಷ್ಟು, ಒತ್ತಿದಾಗ ನೋವುಂಟೇ, ಸೋರುತ್ತಿದೆಯೇ, ಯಾವ ಔಷಧ ಎಷ್ಟು ತೆಗೆದುಕೊಂಡಿದ್ದೀರಿ ಎಂಬುದನ್ನು ಬರೆದಿಟ್ಟುಕೊಂಡು ಕರೆ ಮಾಡಿ. ತುರ್ತು ಸಹಾಯಕ್ಕೆ 112. ಬೇರೆ ರಾಜ್ಯಗಳ ಪ್ರೀಪೇಯ್ಡ್ ಸಿಮ್ ಲಡಾಖ್ ಮತ್ತು ಜಮ್ಮು-ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ. ತಂಡದಲ್ಲಿ ಒಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಸಂಪರ್ಕ ಇರಲಿ.

ಹೊರಡುವ ಮುನ್ನ

ಮಗುವಿಗೆ ಪದೇ ಪದೇ ಕಿವಿ ನೋವು ಬರುತ್ತಿದ್ದರೆ, ಮನೆಯಲ್ಲಿ ಯಾರಿಗಾದರೂ ಹಿಂದೆ ಕಿವಿ ಸೋರಿದ್ದರೆ ಹೊರಡುವ ವಾರವೇ ವೈದ್ಯರಿಗೆ ತೋರಿಸಿ, ತಮಟೆ ಹೇಗಿದೆ ಎಂದು ಕೇಳಿ ತಿಳಿಯಿರಿ. ತಮಟೆ ತೂತಿದ್ದರೂ ಹಾಕಬಹುದಾದ ಡ್ರಾಪ್ಸ್ ಅನ್ನು ಚೀಟಿಯ ಸಮೇತ ಬರೆಸಿಕೊಳ್ಳಿ. ಅದರ ಜೊತೆ ಪ್ಯಾರಾಸಿಟಮಾಲ್, ಅಳತೆಯ ಸಿರಿಂಜ್, ಥರ್ಮಾಮೀಟರ್, ಹತ್ತಿ, ವ್ಯಾಸಲೀನ್ ಇಟ್ಟುಕೊಂಡರೆ ಸಾಕು. ಹೋದ ವರ್ಷ ತೆರೆದ ಡ್ರಾಪ್ಸ್ ಬಾಟಲಿ ಮನೆಯಲ್ಲೂ ಬೇಡ, ಬ್ಯಾಗಿನಲ್ಲೂ ಬೇಡ.

ಈಜಿದ ಮೇಲೆ ತಲೆ ವಾಲಿಸಿ ನೀರು ಇಳಿಸಿ, ಟವೆಲ್‌ನಿಂದ ಹೊರಭಾಗ ಮಾತ್ರ ಒರೆಸಿಕೊಳ್ಳಿ. ನೆಗಡಿ ಇರುವಾಗ ಸ್ಕೂಬಾ ಡೈವಿಂಗ್ ಬೇಡ. ವಿಮಾನ ಇಳಿಯುವಾಗ, ಘಾಟಿ ಇಳಿಯುವಾಗ ಕಿವಿ ಕಟ್ಟಿಕೊಂಡರೆ ಎಂಜಲು ನುಂಗಿ, ಆಕಳಿಸಿ. ಹಸುಗೂಸಿಗೆ ಹಾಲು ಕುಡಿಸಿ. ಅಂಥ ನೋವು ಗಾಳಿಯ ಒತ್ತಡದಿಂದ ಬಂದದ್ದು, ಸೋಂಕಲ್ಲ. ಸಾಮಾನ್ಯವಾಗಿ ಕೆಳಗಿಳಿದ ಮೇಲೆ ತಾನಾಗಿಯೇ ಕಡಿಮೆಯಾಗುತ್ತದೆ.