ಈಸೂರಿನ ಕೊಲೆ ಮೊಕದ್ದಮೆ: ಕ್ಯಾಮರಾ ಎಲ್ಲಿ ನಿಲ್ಲಬೇಕು?

ಕೊಲೆ ಪ್ರಕರಣವೊಂದನ್ನು ಕುರಿತ ಸಾಕ್ಷ್ಯಚಿತ್ರವನ್ನು ನೀವು ನೋಡಲು ಕುಳಿತಾಗ, ಮೊದಲ ಐದು ನಿಮಿಷಗಳಲ್ಲೇ ಒಂದು ಕೆಲಸ ನಿಮಗೆ ತಿಳಿಯದಂತೆ ಮುಗಿದಿರುತ್ತದೆ. ಯಾರ ಪರ ನಿಲ್ಲಬೇಕೆಂಬುದನ್ನು ನಿಮಗಾಗಿ ಬೇರೊಬ್ಬರು ನಿರ್ಧರಿಸಿರುತ್ತಾರೆ. ಯಾರ ಮನೆಯ ಅಂಗಳದಲ್ಲಿ ಕ್ಯಾಮರಾ ನಿಂತಿದೆ, ಯಾರ ಮುಖ ಬಂದಾಗ ವೀಣೆ ನುಡಿಯುತ್ತದೆ, ಯಾರ ಹೆಸರನ್ನು ನಿರೂಪಕರು ಒಮ್ಮೆ ಮಾತ್ರ ಹೇಳಿ ಮುಂದೆ ಸಾಗುತ್ತಾರೆ, ಇವೇ ಆ ಕೆಲಸವನ್ನು ಮಾಡುವ ಸಾಧನಗಳು. ನಮ್ಮ ಕಸುಬಿನ ಈ ಗುಟ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಈಗ ನಾವು ನೋಡಲಿರುವ ಮೊಕದ್ದಮೆಯಲ್ಲಿ ಪಕ್ಷ ವಹಿಸುವುದು ತೀರ ಸುಲಭ.

ಹಿರೇಕೆರೂರಿನಿಂದ ದಕ್ಷಿಣಕ್ಕೆ ಹೊರಟರೆ ಶಿಕಾರಿಪುರ ತಾಲ್ಲೂಕು ಸಿಗುತ್ತದೆ. ಆ ಕಡೆಯಿಂದ ಬರುವ ಕುಮುದ್ವತಿ ಹೊಳೆಯೇ ಹಿರೇಕೆರೂರು ತಾಲ್ಲೂಕಿನ ಹೊಲಗಳಿಗೂ ನೀರು. ಹೊಳೆ ಒಂದೇ, ಮಾತೂ ಒಂದೇ. ಆದರೆ 1942ರಲ್ಲಿ ಸರ್ಕಾರ ಮಾತ್ರ ಎರಡು. ಹಿರೇಕೆರೂರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು, ಶಿಕಾರಿಪುರ ಮೈಸೂರು ಸಂಸ್ಥಾನದಲ್ಲಿತ್ತು. ಇಂದು ನಾವು ತಹಶೀಲ್ದಾರರೆನ್ನುವ ಅಧಿಕಾರಿ ಆ ಕಡೆ ಮಾಮಲೇದಾರ, ಈ ಕಡೆ ಅಮಲ್ದಾರ. ಒಬ್ಬರು ಬ್ರಿಟಿಷರ ನೌಕರರು, ಇನ್ನೊಬ್ಬರು ಮಹಾರಾಜರ ನೌಕರರು. ಈ ಸಣ್ಣ ವ್ಯತ್ಯಾಸವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಸೂರು ಶಿಕಾರಿಪುರ ತಾಲ್ಲೂಕಿನ ಹಳ್ಳಿ. 1942ರ ಆಗಸ್ಟ್‌ನಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ ಆರಂಭವಾಗಿ ಗಾಂಧೀಜಿಯವರ ಬಂಧನವಾದ ಮೇಲೆ ಸಂಸ್ಥಾನದ ಹಳ್ಳಿಗಳಲ್ಲೂ ಬಿಸಿ ಏರಿತು. ಈಸೂರಿನವರು ಕಂದಾಯ ಕೊಡುವುದಿಲ್ಲವೆಂದರು. ಪಟೇಲ, ಶಾನುಭೋಗರ ಬಳಿಯಿದ್ದ ಲೆಕ್ಕದ ಪುಸ್ತಕಗಳನ್ನು ಕಿತ್ತುಕೊಂಡರು. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಊರಿನೊಳಗೆ ಪ್ರವೇಶವಿಲ್ಲವೆಂದು ಫಲಕ ಹಾಕಿದರು. ವೀರಭದ್ರ ದೇವರ ಗುಡಿಯ ಮೇಲೆ ತ್ರಿವರ್ಣ ಧ್ವಜ ಏರಿತು. ಊರು ತನ್ನದೇ ಸರ್ಕಾರ ರಚಿಸಿಕೊಂಡಿತು; ಚಿಕ್ಕ ಹುಡುಗರಾಗಿದ್ದ ಜಯಣ್ಣನನ್ನು ಅಮಲ್ದಾರನನ್ನಾಗಿ, ಮಲ್ಲಪ್ಪನನ್ನು ಸಬ್ ಇನ್‌ಸ್ಪೆಕ್ಟರನನ್ನಾಗಿ ನೇಮಿಸಿತು. ಬಾಲಕರನ್ನು ಸೆರೆಮನೆಗೆ ತಳ್ಳಲು ಬರುವುದಿಲ್ಲವೆಂಬುದು ಇದರ ಹಿಂದಿನ ಲೆಕ್ಕಾಚಾರವೆಂದು ಹೇಳುತ್ತಾರೆ. ನಗು ತರಿಸುವ ಜಾಣತನ! ಕಾನೂನು ಹೇಗೆ ಕೆಲಸ ಮಾಡುತ್ತದೆಂಬ ಅರಿವು ಆ ರೈತರಿಗೆ ಎಷ್ಟಿತ್ತೆಂಬುದಕ್ಕೂ ಇದೇ ಸಾಕ್ಷಿ.

ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರರು ಪೊಲೀಸರೊಡನೆ ಊರಿಗೆ ಬಂದರು. ಊರೊಳಗೆ ಬರುವುದಾದರೆ ಗಾಂಧಿ ಟೋಪಿ ಹಾಕಿಕೊಳ್ಳಬೇಕೆಂದು ಜನ ಪಟ್ಟು ಹಿಡಿದರು. ಮಾತಿಗೆ ಮಾತು ಬೆಳೆಯಿತು, ಲಾಠಿ ಬೀಸಿತು, ಗುಂಡಿನ ಸದ್ದು ಕೇಳಿತು, ಜನ ಮುನ್ನುಗ್ಗಿದರು. ಯಾವುದು ಮೊದಲು, ಯಾವುದು ಆಮೇಲೆ ಎಂಬಲ್ಲಿ ಹೇಳಿಕೆಗಳು ಕೂಡಿಬರುವುದಿಲ್ಲ. ಕೊನೆಯಲ್ಲಿ ಉಳಿದದ್ದು ಎರಡು ಹೆಣಗಳು: ಅಮಲ್ದಾರ ಚೆನ್ನಕೃಷ್ಣಪ್ಪ, ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡ.

ಆ ಮೇಲೆ ಸರ್ಕಾರದ ಪಡೆ ಬಂದಿತು. ಊರಿನವರು ಕಾಡು ಸೇರಿದರು, ಮನೆಗಳು ಲೂಟಿಯಾದವು, ಬೆಂಕಿಗೆ ಸಿಕ್ಕಿದವು. ವಿಚಾರಣೆ ನಡೆದು 1943ರ ಮಾರ್ಚ್ 8, 9 ಮತ್ತು 10ರಂದು ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡಕಳ್ಳಿ ಹಾಲಪ್ಪ ಮತ್ತು ಗೌಡ್ರ ಶಂಕರಪ್ಪ ಎಂಬ ಐವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಎಂಬ ಮೂವರು ಹೆಂಗಸರಿಗೆ ಜೀವಾವಧಿ ಶಿಕ್ಷೆಯಾಯಿತು.

ನಾನು ವಿಜ್ಞಾನ ಓದಿದವನು. ಯಾವುದೇ ಘಟನೆಯನ್ನು ಕಂಡರೂ ಮೊದಲು ಅಳೆಯುವ ಚಟ. ಸೆಪ್ಟೆಂಬರ್ 28ರಿಂದ ಮಾರ್ಚ್ 8ಕ್ಕೆ ಎಷ್ಟು ದಿನ? 161. ಒಂದು ಇಡೀ ಊರು ಆರೋಪಿಯಾಗಿದ್ದ ಪ್ರಕರಣದಲ್ಲಿ ಬಂಧನ, ಸಾಕ್ಷ್ಯ, ವಿಚಾರಣೆ, ತೀರ್ಪು, ಗಲ್ಲು ಎಲ್ಲವೂ 161 ದಿನಗಳಲ್ಲಿ. ಈ ಸಂಖ್ಯೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ.

ಜನಜಂಗುಳಿಯಲ್ಲಿ ಒಬ್ಬ ಮನುಷ್ಯ ಸತ್ತಾಗ ಅಪರಾಧ ವಿಜ್ಞಾನ ಹೇಳಬಲ್ಲದ್ದು ಬಹಳ ಕಡಿಮೆ. ಗಾಯ ಹರಿತವಾದ ಆಯುಧದ್ದೋ ದೊಣ್ಣೆಯದ್ದೋ, ಎಷ್ಟು ಪೆಟ್ಟು, ಯಾವುದು ಪ್ರಾಣಕ್ಕೆ ಎರವಾಯಿತು ಎಂಬುದನ್ನು ಶವಪರೀಕ್ಷೆ ತಿಳಿಸಬಹುದು. ಆ ದೊಣ್ಣೆ ಯಾರ ಕೈಯಲ್ಲಿತ್ತು ಎಂಬುದನ್ನು ಗಾಯ ಹೇಳುವುದಿಲ್ಲ. ಇಂದಿನ ಡಿಎನ್‌ಎ ಪರೀಕ್ಷೆ ಕೂಡ ಒಬ್ಬನು ಅಲ್ಲಿದ್ದನೆಂದು ತೋರಿಸೀತು, ಆ ಒಂದು ಪೆಟ್ಟು ಅವನದೇ ಎನ್ನಲಾರದು. ಆದ್ದರಿಂದಲೇ ಕಾನೂನು ಬೇರೊಂದು ದಾರಿ ಹಿಡಿದಿದೆ. ಭಾರತೀಯ ದಂಡ ಸಂಹಿತೆಯ 149ನೆಯ ಕಲಂ ಪ್ರಕಾರ, ಸಮಾನ ಉದ್ದೇಶವುಳ್ಳ ಅಕ್ರಮ ಕೂಟವು ಆ ಉದ್ದೇಶದ ಸಾಧನೆಗಾಗಿ ಅಪರಾಧ ಎಸಗಿದರೆ ಕೂಟದ ಪ್ರತಿಯೊಬ್ಬ ಸದಸ್ಯನೂ ಅದಕ್ಕೆ ಹೊಣೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದು 190ನೆಯ ಕಲಮಾಗಿ ಉಳಿದಿದೆ. ಹಾಗಾದರೆ ಈಸೂರಿನ ಗುಂಪಿನ ‘ಉದ್ದೇಶ’ ಯಾವುದು? ಕೊಲ್ಲುವುದೋ, ಟೋಪಿ ಹಾಕಿಸುವುದೋ? ಇಡೀ ಮೊಕದ್ದಮೆಯ ಜೀವ ಈ ಪ್ರಶ್ನೆಯಲ್ಲಿದೆ. ಅಧಿಕಾರಿಗಳ ತಲೆಯ ಮೇಲೆ ಗಾಂಧಿ ಟೋಪಿ ಇಡಿಸಿ ಕಳುಹಿಸಬೇಕೆಂದು ನಿಂತ ಜನ ಕೊಲ್ಲಲು ಸೇರಿದವರೆಂದು ನನಗೆ ಅನ್ನಿಸುವುದಿಲ್ಲ. ನಿಮಗೆ ಬೇರೆ ಅನ್ನಿಸಿದರೆ ಕಾರಣ ಕೊಟ್ಟು ವಾದಿಸಿ.

ಗುಂಪಿನ ಅಪರಾಧದಲ್ಲಿ ಸಾಕ್ಷಿಯ ಬಾಯಿಯೇ ಎಲ್ಲ. ಆ ಬಾಯಿ ಮುಚ್ಚಿದರೆ ಏನಾಗುತ್ತದೆಂಬುದಕ್ಕೂ ನಮ್ಮ ನಾಡಿನಲ್ಲೇ ನಿದರ್ಶನವಿದೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಇಬ್ಬರು ಅಧಿಕಾರಿಗಳ ಸಾವಿಗೆ 161 ದಿನಗಳಲ್ಲಿ ಐದು ಗಲ್ಲು, ಏಳು ಬಡವರ ಸಾವಿಗೆ 14 ವರ್ಷಗಳಲ್ಲೂ ಒಬ್ಬನಿಗೂ ಶಿಕ್ಷೆಯಿಲ್ಲ. ಕಾಲ ಬೇರೆ, ಸರ್ಕಾರ ಬೇರೆ, ನಿಜ. ಆದರೂ ಈ ಎರಡು ಲೆಕ್ಕಗಳನ್ನು ಅಕ್ಕಪಕ್ಕ ಬರೆದು ನೋಡದೆ ಇರಲು ನನಗಾಗುವುದಿಲ್ಲ.

ಇನ್ನು ಚಿತ್ರದ ಮಾತು. ಕೊಲೆ ನಡೆದಾಗ ಕ್ಯಾಮರಾ ಇರಲಿಲ್ಲ. ಆದ್ದರಿಂದ ಸಾಕ್ಷ್ಯಚಿತ್ರದವರು ನಟರನ್ನಿಟ್ಟು ದೃಶ್ಯವನ್ನು ಮರುಸೃಷ್ಟಿಸುತ್ತಾರೆ. ಅಪಾಯ ಇರುವುದು ಅಲ್ಲೇ, ಕಣ್ಣು ಕಂಡದ್ದನ್ನು ಮನಸ್ಸು ನಂಬಿಬಿಡುತ್ತದೆ. ಅಮೆರಿಕದ ಎರಲ್ ಮಾರಿಸ್ 1988ರಲ್ಲಿ ತಯಾರಿಸಿದ ‘ದ ಥಿನ್ ಬ್ಲೂ ಲೈನ್’ ಈ ಅಪಾಯವನ್ನೇ ಉಪಾಯವನ್ನಾಗಿ ಮಾಡಿಕೊಂಡಿತು. 1976ರಲ್ಲಿ ಡಲ್ಲಾಸ್ ನಗರದಲ್ಲಿ ಪೊಲೀಸನೊಬ್ಬನ ಕೊಲೆಯಾಗಿ, ರ್‍ಯಾಂಡಲ್ ಆಡಮ್ಸ್ ಎಂಬಾತನಿಗೆ ಮರಣದಂಡನೆ ವಿಧಿಸಲಾಗಿತ್ತು. ಆಮೇಲೆ ಅದು ಜೀವಾವಧಿಗೆ ಇಳಿದಿತ್ತು. ಮಾರಿಸ್ ಆ ರಾತ್ರಿಯ ದೃಶ್ಯವನ್ನು ಒಂದೇ ಬಗೆಯಲ್ಲಿ ತೋರಿಸಲಿಲ್ಲ. ಪ್ರತಿ ಸಾಕ್ಷಿ ಹೇಳಿದಂತೆ ಬೇರೆಬೇರೆಯಾಗಿ ಮತ್ತೆ ಮತ್ತೆ ತೋರಿಸಿದರು. ಹೇಳಿಕೆಗಳ ಬಿರುಕು ನೋಡುಗರಿಗೆ ತಾನಾಗಿ ಕಂಡಿತು. 1989ರಲ್ಲಿ ಆಡಮ್ಸ್ ಬಿಡುಗಡೆಯಾದರು.

ಈಸೂರನ್ನು ಹೀಗೆಯೇ ಚಿತ್ರಿಸಬೇಕೆಂಬುದು ನನ್ನ ಅಭಿಪ್ರಾಯ. ಗುಡಿಯ ಮೇಲಿನ ಧ್ವಜದಿಂದ ಒಂದು ಸಲ, ಲಾಠಿ ಹಿಡಿದು ನಿಂತವನ ಕಣ್ಣಿನಿಂದ ಇನ್ನೊಂದು ಸಲ. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಘೋಷಣೆ ಇಂದಿಗೂ ಮೈ ಜುಮ್ಮೆನ್ನಿಸುತ್ತದೆ. ಐವರೂ ಹುತಾತ್ಮರು, ಅದರಲ್ಲಿ ಎರಡು ಮಾತಿಲ್ಲ. ಅವರು ಕೇಳಿದ ಜವಾಬ್ದಾರಿ ಸರ್ಕಾರ 1947ರ ಅಕ್ಟೋಬರ್‌ನಲ್ಲಿ ಮೈಸೂರಿಗೆ ಬಂದೇ ಬಂದಿತು, ಗಲ್ಲಾಗಿ ಐದು ವರ್ಷ ತುಂಬುವ ಮುನ್ನ. ಆದರೆ ಸತ್ತ ಅಧಿಕಾರಿಗಳಿಬ್ಬರೂ ಇಂಗ್ಲೆಂಡಿನಿಂದ ಬಂದವರಲ್ಲ, ನಮ್ಮ ಮಾತನ್ನೇ ಆಡುತ್ತಿದ್ದ ಸಂಸ್ಥಾನದ ಸಂಬಳದಾರರು. ಅವರ ಸಾವನ್ನು ತೋರಿಸಿದರೆ ಹುತಾತ್ಮರ ಹಿರಿಮೆ ಕುಂದುತ್ತದೆಂದು ಹೆದರುವ ಚಿತ್ರ ಇತಿಹಾಸದ ಚಿತ್ರವಾಗಲಾರದು.

ಹಿರೇಕೆರೂರು, ಶಿಕಾರಿಪುರದ ಕಡೆ ನಿಮ್ಮ ಬಂಧುಗಳಿದ್ದರೆ ಒಂದು ಕೆಲಸ ಮಾಡಿ. 1942ರಲ್ಲಿ ಹತ್ತು ವರ್ಷವಾಗಿದ್ದವರಿಗೆ ಈಗ ತೊಂಬತ್ತು ದಾಟಿದೆ. ಕಣ್ಣಾರೆ ಕಂಡವರು ಸಿಗುವುದು ಕಷ್ಟ, ‘ನಮ್ಮ ಅಜ್ಜ ಹೇಳುತ್ತಿದ್ದ’ ಎನ್ನುವವರು ಸಿಗುತ್ತಾರೆ. ಅವರು ಹೇಳಿದ್ದನ್ನು ಬರೆದುಕೊಳ್ಳುವಾಗ ಹಾಳೆಯ ನಡುವೆ ಗೆರೆ ಎಳೆದು, ಅಜ್ಜ ಕಂಡದ್ದನ್ನು ಎಡಕ್ಕೂ ಅಜ್ಜ ಕೇಳಿದ್ದನ್ನು ಬಲಕ್ಕೂ ಬರೆಯಿರಿ. ಮಾತು ಮುಗಿದ ಮೇಲೆ, ಆ ದಿನ ಸತ್ತ ಅಮಲ್ದಾರರ ಹೆಸರೇನೆಂದು ಕೇಳಿ ನೋಡಿ.